ಬೇಸಿಗೆಯ ರಜೆಯೂ ತಾಯಿಯ ಲೆಕ್ಕವೂ

ರಜೆ ಎಂಬ ಶಬ್ದಕ್ಕೆ ಶಾಲೆಯಲ್ಲಿ ಒಂದು ಅರ್ಥವೂ ಅಡಿಗೆಮನೆಯಲ್ಲಿ ಇನ್ನೊಂದು ಅರ್ಥವೂ ಇರುವದನ್ನು ಮಕ್ಕಳುಳ್ಳ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ಗಂಟೆ ನಿಂತ ದಿನದಿಂದಲೇ ಮನೆಯ ಗಂಟೆ ಬಾರಿಸತೊಡಗುವದು. 2024ನೆಯ ಇಸವಿಯ ಏಪ್ರಿಲ್ 11ರಂದು ಆಳಂದದ ಒಬ್ಬ ಮಾಸ್ತರರ ಮನೆಯಲ್ಲಿ ಹೀಗೆಯೇ ಆಯಿತು. ಎರಡು ದಿನಗಳ ಹಿಂದೆ ಯುಗಾದಿಯ ಬೇವು ಕುಡಿದಾಗಿತ್ತು. ಶಾಲೆಗಳು ಮರಳಿ ತೆರೆಯುವದು ಮೇ 29ಕ್ಕೆ. ನಡುವೆ 48 ದಿನಗಳು. ಹತ್ತು ವರ್ಷದ ಮಗನು ಈ ಅಂಕಿಯನ್ನು ಪಡಸಾಲೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು ಕುಣಿದನು. ಎಂಟು ವರ್ಷದ ಮಗಳು ಅದರ ಸುತ್ತಲೂ ಬಳ್ಳಿಯನ್ನೆಳೆದಳು. ನಾಲ್ಕು ವರ್ಷದ ಕಿರಿಯವನು ಅದನ್ನು ಅರ್ಧ ಅಳಿಸಿದನು. ತಾಯಿಯು ಅದೇ ಅಂಕಿಯನ್ನೋದಿ ನಿಟ್ಟುಸಿರು ಬಿಟ್ಟು ಒಳಗೆ ಹೋದಳು.

ಆ ಬೇಸಿಗೆಯು ಸುಲಭದ್ದಾಗಿರಲಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟುದರಿಂದ ಸರಕಾರವು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿತ್ತು. ಕಲಬುರಗಿಯ ಸೀಮೆಯಲ್ಲಿ ಉಷ್ಣಮಾನವು 40 ಅಂಶವನ್ನು ದಾಟುವದು ಸುದ್ದಿಯೇ ಅಲ್ಲ. ಈ ಭಾಗದ ಸರಕಾರಿ ಕಚೇರಿಗಳು ಬೇಸಿಗೆಯಲ್ಲಿ ತಮ್ಮ ಕೆಲಸವನ್ನು ಬೆಳಗಿನ ಹೊತ್ತಿಗೇ ಮುಗಿಸುವ ಪದ್ಧತಿಯೂ ಉಂಟು. ಆದರೆ ಮನೆಗೆಲಸಕ್ಕೆ ಅಂಥ ಹುಕುಮನ್ನು ಯಾವ ಸರಕಾರವೂ ಹೊರಡಿಸಿಲ್ಲ. ನಳದ ನೀರು ಬರುವ ವೇಳೆ ಗೊತ್ತಿಲ್ಲದ್ದರಿಂದ ತಾಯಿಯ ನಿದ್ದೆಯು ಅರ್ಧ ಕಣ್ಣಿನದಾಯಿತು. ನೀರು ಬಂದೊಡನೆ ಹಂಡೆ, ಕೊಡ, ರಂಜಣಗಿಗಳೆಲ್ಲ ತುಂಬಬೇಕು. ತುಂಬಿದ ನೀರಿನಲ್ಲಿ ಕಿರಿಯವನು ಕೈಯಿಳಿಸದಂತೆ ಕಾಯಬೇಕು.

ಇದರ ಮೇಲೆ ವರ್ಷದ ಸಂಗ್ರಹದ ಕೆಲಸ. ಬಿಸಿಲೇ ಬಂಡವಾಳವಾದ ಈ ನಾಡಿನಲ್ಲಿ ಸಂಡಿಗೆ, ಹಪ್ಪಳ, ಶಾವಿಗೆ, ಉಪ್ಪಿನಕಾಯಿಗಳೆಲ್ಲ ಮಳೆ ಬೀಳುವದರೊಳಗೆ ಡಬ್ಬಿ ಸೇರಬೇಕು. ನಸುಕಿನಲ್ಲಿ ಅತ್ತೆಯವರು ಹಿಟ್ಟು ಕುದಿಸುವರು. ಸೊಸೆಯು ಮಾಳಿಗೆಯ ಮೇಲೆ ಸೀರೆ ಹಾಸಿ ಸಂಡಿಗೆಯಿಡುವಳು. ಮಕ್ಕಳಿಗೆ ಕಾಗೆ ಕಾಯುವ ಕೆಲಸ. ಕಾಗೆಗಳಿಂದ ಆದ ಹಾನಿಗಿಂತ ಕಾವಲುಗಾರರಿಂದ ಆದ ಹಾನಿಯೇ ಹೆಚ್ಚೆಂದು ಸಂಜೆಗೆ ತಿಳಿಯುವದು. ಹನ್ನೊಂದು ಗಂಟೆಯಾಯಿತೆಂದರೆ ಬಾಗಿಲಿಗೆ ಅಗಳಿ. ಆಯಿಯು ಮೊಮ್ಮಕ್ಕಳ ಕಿಸೆಯಲ್ಲಿ ಒಂದೊಂದು ಉಳ್ಳಾಗಡ್ಡಿಯನ್ನಿಟ್ಟು, ಝಳ ಬಡಿಯದೆಂದು ಸಮಾಧಾನಪಡುವಳು. ಫರಸಿಯ ನೆಲದ ಮೇಲೆ ಚೌಕಾಬಾರದ ಮನೆಗಳು ಮೂಡುವವು. ಆಟವು ಜಗಳವಾಗುವದು, ಜಗಳವು ಅಳುವಾಗುವದು, ಅಳುವು ಹಸಿವಾಗುವದು. ಮಾಸ್ತರರಾದರೂ ಮನೆಯಲ್ಲಿರುವರೇ ಎಂದರೆ, ಅವರಿಗೆ ಲೋಕಸಭೆಯ ಚುನಾವಣೆಯ ಕೆಲಸ. ಮೇ 7ರ ಮತದಾನವು ಮುಗಿಯುವ ವರೆಗೆ ಅವರು ಮನೆಗೆ ಅತಿಥಿಗಳಂತೆ ಬಂದು ಹೋದರು.

ಮೇ 10ಕ್ಕೆ ಬಸವ ಜಯಂತಿ. ಅದು ಕಳೆದ ಮೇಲೆ ತಾಯಿಯು ಮೂವರು ಮಕ್ಕಳನ್ನು ಕಟ್ಟಿಕೊಂಡು ಅಫಜಲಪುರದ ತವರಿಗೆ ಹೊರಟಳು. ಬಸ್ಸಿನಲ್ಲಿ ತಾಯಿಗೂ ಮಗಳಿಗೂ ಶಕ್ತಿ ಯೋಜನೆಯ ಶೂನ್ಯ ದರದ ಟಿಕೇಟು. ಹಿರಿಯ ಮಗನಿಗೆ ಮಾತ್ರ ಅರ್ಧ ಟಿಕೇಟಿನ ಹಣ. ಗಂಡಾಗಿ ಹುಟ್ಟಿದ್ದಕ್ಕೆ ತನಗೆ ದಂಡವೇಕೆಂದು ಅವನು ದಾರಿಯುದ್ದಕ್ಕೂ ವಾದಿಸಿದನು. ಮಗಳು ಅಂದು ಮೊದಲ ಸಲ ಹುಡುಗಿಯಾದುದರ ಲಾಭವನ್ನು ಕಂಡು ಕಿಡಿಕಿಯ ಬದಿಯ ಜಾಗವನ್ನೂ ಬಿಡಲಿಲ್ಲ. ಗಾಣಗಾಪುರದಲ್ಲಿಳಿದು ದತ್ತನ ದರ್ಶನ ಮಾಡಿಕೊಂಡು ಸಂಗಮಕ್ಕೆ ಹೋದಾಗ, ತಮ್ಮ ಆಳಂದದ ಅಮರ್ಜೆಯು ಇಲ್ಲಿಯೇ ಭೀಮೆಯನ್ನು ಕೂಡುವಳೆಂದು ತಾಯಿಯು ಮಕ್ಕಳಿಗೆ ತೋರಿಸಿದಳು. ಅಲ್ಲಿ ಕಂಡದ್ದು ನೀರಿಗಿಂತ ಕಲ್ಲು ಮರಳೇ ಹೆಚ್ಚು. “ನದಿ ಎಲ್ಲ್ಯದ ಅವ್ವ?” ಎಂದು ಕಿರಿಯವನು ಕೇಳಿದನು.

ತವರಿನ ಸುಖವೆಂದರೆ ಕೆಲಸವಿಲ್ಲದಿರುವದಲ್ಲ. ಕೆಲಸ ಮಾಡುವಾಗ ಕೇಳುವವರಿರುವದು. ತಾಯಿಯು ಮೂರು ದಿನ ಆ ಸುಖವನ್ನು ಉಂಡಳು. ನಾಲ್ಕನೆಯ ದಿನದ ಮಧ್ಯಾಹ್ನ ಎಲ್ಲರೂ ಉಂಡು ಒರಗಿದಾಗ ಅವಳಿಗೆ ಎಚ್ಚರವಾಯಿತು. ಮನೆಯಲ್ಲಿ ಸದ್ದಿರಲಿಲ್ಲ. ಮಕ್ಕಳ ಮನೆಯಲ್ಲಿ ಸದ್ದಿಲ್ಲದಿರುವದು ಎಂಥ ಭಯದ ಸಂಗತಿಯೆಂಬದನ್ನು ತಾಯಂದಿರೇ ಬಲ್ಲರು. ಕಿರಿಯವನು ಮಲಗಿದ್ದನು, ದೊಡ್ಡವರಿಬ್ಬರ ಹಾಸಿಗೆ ಬರಿದಾಗಿತ್ತು. ನೆರೆಮನೆಯ ಹುಡುಗನೊಬ್ಬನು, ಅವರು ಹೊಳೆಯ ಕಡೆಗೆ ಹೋದರೆಂದನು.

ಭೀಮೆಯು ಬೇಸಿಗೆಯಲ್ಲಿ ಬತ್ತುವ ನದಿ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಡಿಸಬೇಕೆಂಬ ಕೂಗು ಈ ದಂಡೆಯಲ್ಲಿ ಬರದ ವರ್ಷಗಳಲ್ಲೆಲ್ಲ ಏಳುವದು. ಆದರೆ ಬತ್ತಿದ ನದಿಯು ಮಕ್ಕಳಿಗೆ ತುಂಬಿದ ನದಿಗಿಂತ ಕಡಿಮೆ ಅಪಾಯದ್ದೆಂದು ತಿಳಿಯುವದು ತಪ್ಪು. ತುಂಬಿದ ಹೊಳೆಯು ತನ್ನ ಸದ್ದಿನಿಂದಲೇ ಹೆದರಿಸುವದು. ಬತ್ತಿದ ಹೊಳೆಯು ನಡುನಡುವೆ ಮಡುಗಳನ್ನೂ ಮರಳು ತೆಗೆದ ಕುಣಿಗಳನ್ನೂ ಉಳಿಸಿಕೊಂಡು ಸುಮ್ಮನಿರುವದು. ಮೇಲೆ ಮೊಣಕಾಲಿನ ನೀರು, ಒಂದು ಹೆಜ್ಜೆ ಮುಂದೆ ಆಳು ಮುಳುಗುವ ನೀರು. ಬರಿಗಾಲಲ್ಲಿ ಓಡಿದ ತಾಯಿಗೆ ಅಣ್ಣ ತಂಗಿಯರಿಬ್ಬರೂ ಅಂಥದೊಂದು ಮಡುವಿನ ಅಂಚಿನಲ್ಲಿ ಕಾಲಿಳಿಬಿಟ್ಟು ಕುಳಿತದ್ದು ಕಂಡಿತು. ಹುಡುಗನು ಅಂಗಿಯನ್ನು ಕಳಚಿಟ್ಟಿದ್ದನು. ಇನ್ನೊಂದು ಗಳಿಗೆ ತಡವಾಗಿದ್ದರೆ ಏನಾಗುತ್ತಿತ್ತೆಂಬದನ್ನು ಅವಳು ಆ ದಿನವೂ ಆಮೇಲೂ ಬಾಯಿಬಿಟ್ಟು ಆಡಲಿಲ್ಲ. ಇಬ್ಬರನ್ನೂ ಹಿಡಿದೆಳೆದು ಹೊಡೆದಳು. ಹೊಡೆದ ಮೇಲೆ ಅವರಿಗಿಂತ ಹೆಚ್ಚಾಗಿ ತಾನೇ ಅತ್ತಳು.

ಸಂಜೆಗೆ ಮುತ್ಯಾ ಕಟ್ಟೆಯ ಮೇಲೆ ಕುಳಿತು ಮಗಳನ್ನು ಕರೆದರು. “ಹೊಡದ್ರ ಅಂಜಿಕಿ ಬರತದವ್ವ, ಈಸು ಬರಂಗಿಲ್ಲ,” ಎಂದರು. “ಅಂಜಿಕಿ ನಾಕ ದಿನಕ್ಕ ಹೋಗತದ. ಈಸು ಹೋಗಂಗಿಲ್ಲ.”

ಮುದುಕರ ಮಾತು ನಿಜವಾಗಿತ್ತು. ಆದರೆ ಅದರಲ್ಲಿ ಒಂದು ನೋವೂ ಇತ್ತು. ಇದೇ ಹೊಳೆಯ ದಂಡೆಯಲ್ಲಿ ಬೆಳೆದ ಆ ಮಗಳಿಗೆ ಈಸು ಬರುತ್ತಿರಲಿಲ್ಲ. ಅವಳ ಅಣ್ಣನಿಗೆ ಇದೇ ತಂದೆಯು ಸೊಂಟಕ್ಕೆ ಸೋರೆಬುರುಡೆಯನ್ನು ಕಟ್ಟಿ ಕಲಿಸಿದ್ದರು. ಅವಳು ಆಗ ದಂಡೆಯ ಮೇಲೆ ಅವರಿಬ್ಬರ ಅರಿವೆಗಳನ್ನು ಕಾಯುತ್ತ ಕುಳಿತಿದ್ದಳು. ಮಧ್ಯಾಹ್ನ ಮಗಳು ಮಡುವಿಗೆ ಬಿದ್ದಿದ್ದರೆ ತಾನು ದಂಡೆಯಲ್ಲಿ ನಿಂತು ಕೂಗುವದರ ಹೊರತು ಏನನ್ನೂ ಮಾಡಲಾರದವಳೆಂಬ ಅರಿವು ಅವಳಿಗೆ ಆ ರಾತ್ರಿ ನಿದ್ದೆ ಕೊಡಲಿಲ್ಲ. ತಂದೆಗೂ ಅದು ಹೊಳೆದಿರಬೇಕು. ಅವರು ಮುಂದೆ ಮಾತಾಡದೆ ಎಲಿ ಅಡಿಕೆಯ ಚೀಲವನ್ನು ಬಿಚ್ಚಿ ಕಟ್ಟಿ ಮಾಡುತ್ತ ಕುಳಿತರು.

ಅಫಜಲಪುರದಿಂದ ಕಲಬುರಗಿಗೆ ಬಂದು, ಕಟ್ಟಿ ಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಿದರೆ ಜೇವರ್ಗಿಯ ಹಾದಿ. ಜೇವರ್ಗಿಯಲ್ಲಿ ತಂಗಿಯ ಮನೆ. ಅವರ ಹೊಲದಲ್ಲಿ ಪಾವಟಿಗೆಗಳುಳ್ಳ ಕಲ್ಲಿನ ಬಾವಿ. ಬರದಲ್ಲಿಯೂ ಅದರಲ್ಲಿ ಅಷ್ಟಿಷ್ಟು ನೀರು ಉಳಿದಿತ್ತು. ತಂಗಿಯ ಗಂಡನು ದಿನಾಲು ನಸುಕಿನಲ್ಲಿ ಮಕ್ಕಳಿಗೆ ಕಲಿಸಲೊಪ್ಪಿದನು. ಸೋರೆಬುರುಡೆಯ ಕಾಲ ಹೋಗಿತ್ತು. ಎಣ್ಣೆಯ ಖಾಲಿ ಪ್ಲಾಸ್ಟಿಕ್ ಡಬ್ಬಿಗಳು ಅದರ ಜಾಗಕ್ಕೆ ಬಂದಿದ್ದವು.

ಆಳಂದಕ್ಕೆ ಫೋನಿನಲ್ಲಿ ಸುದ್ದಿ ತಿಳಿದಾಗ ಅತ್ತೆಯವರು, “ಹುಡುಗ ಕಲೀಲಿ. ಹೆಣ್ಣ ಹುಡುಗಿಗಿ ಈಸು ಯಾಕ ಬೇಕವ್ವ?” ಎಂದರು. ಹತ್ತು ವರ್ಷ ಅವರ ಮಾತಿಗೆ ಎದುರಾಡದ ಸೊಸೆಯು ತುಸು ಹೊತ್ತು ಸುಮ್ಮನಿದ್ದು, “ನೀರಿಗಿ ಗಂಡು ಹೆಣ್ಣು ಗೊತ್ತಾಗಂಗಿಲ್ರಿ, ಅತ್ತಿ,” ಎಂದಳು. ಆ ಕಡೆಯಿಂದ ಉತ್ತರ ಬರಲಿಲ್ಲ. ಒಪ್ಪಿಗೆಯೂ ಬರಲಿಲ್ಲ, ಬೇಡವೆಂಬ ಮಾತೂ ಬರಲಿಲ್ಲ.

ಮೊದಲ ದಿನ ಇಬ್ಬರೂ ಪಾವಟಿಗೆಯನ್ನು ಬಿಡಲಿಲ್ಲ. ಮಗಳ ಸೊಂಟದ ಹಗ್ಗದ ತುದಿಯನ್ನು ತಾಯಿಯೇ ಹಿಡಿದು ನಿಂತಳು. ಮೈದುನನ ಕೈಗೂ ಕೊಡಲಿಲ್ಲ. ಮೂರನೆಯ ದಿನ ಹುಡುಗನು ನೀರು ಕುಡಿದು, ತಾನು ಇನ್ನು ಬರುವದಿಲ್ಲವೆಂದನು. ತಂಗಿಯು ಬರುವಳೆಂದು ಕೇಳಿ ಮರುದಿನ ತಾನೂ ಬಂದನು. ಎಂಟನೆಯ ದಿನ ಮಾಮಾ ಡಬ್ಬಿಯನ್ನು ಬಿಚ್ಚಿದನು. ಹುಡುಗಿಯು ಈ ದಡದ ಕಲ್ಲಿನಿಂದ ಆ ದಡದ ಕಲ್ಲಿಗೆ ಕೈಕಾಲು ಬಡಿಯುತ್ತ, ಮೂಗಿಗೆ ನೀರು ತಂದುಕೊಳ್ಳುತ್ತ, ಹೇಗೋ ಮುಟ್ಟಿದಳು. ತಾಯಿಯ ಕೈಯಲ್ಲಿ ಹಗ್ಗವು ಸಡಿಲಾಗಿಯೇ ಇತ್ತು, ಒಮ್ಮೆಯೂ ಜಗ್ಗಬೇಕಾಗಲಿಲ್ಲ. ಹುಡುಗನಿಗೆ ಇನ್ನೆರಡು ದಿನ ಹಿಡಿಯಿತು.

ಮೇ ತಿಂಗಳ ಕೊನೆಗೆ ಅವರು ಆಳಂದಕ್ಕೆ ಮರಳಿದರು. ಗೋಡೆಯ ಮೇಲಿನ 48 ಮಾಸಿಹೋಗಿತ್ತು. ಸಂಡಿಗೆಯ ಡಬ್ಬಿಗಳು ಹಲಗೆಯ ಮೇಲೆ ಸಾಲಾಗಿದ್ದವು. ಮಾಸ್ತರರು ಶಾಲೆ ತೆರೆಯುವ ಸಿದ್ಧತೆಯಲ್ಲಿದ್ದರು. ಆಯಿಯು ಈಸಿನ ಮಾತನ್ನು ತಾನಾಗಿ ಎತ್ತಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಮಾತ್ರ, ಮೊಮ್ಮಗಳ ರೊಟ್ಟಿಯ ಮೇಲೆ ಬೆಣ್ಣೆಯನ್ನಿಡುತ್ತ, “ಬಾವಿ ಎಷ್ಟ ಅಗಲ ಅದ?” ಎಂದು ಕೇಳಿದರು. ಹುಡುಗಿಯು ಎರಡೂ ಕೈಗಳನ್ನು ಚಾಚಿ ತೋರಿಸಿ, ಸಾಲದೆಂದು ಎದ್ದು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿದಳು.

ಮಕ್ಕಳನ್ನು ಬಿಸಿಲಿನಿಂದ ಕಾಯುವದಕ್ಕೆ ಬಾಗಿಲಿನ ಅಗಳಿ ಸಾಕು; ಅಗಳಿಯಿಲ್ಲದ ಕಡೆಗೆ ಅವರು ಹೋಗುವ ದಿನಕ್ಕೆ ಬೇರೆಯದೇ ಬುತ್ತಿ ಬೇಕು. ವರ್ಷಕ್ಕಾಗುವ ಸಂಡಿಗೆ ಹಪ್ಪಳಗಳ ಜೊತೆಗೆ ಆ ಬುತ್ತಿಯನ್ನೂ ಕಟ್ಟಿಕೊಡುವ ಬೇಸಿಗೆಯು ಎಷ್ಟು ದಣಿಸಿದರೂ ವ್ಯರ್ಥವಾದುದಲ್ಲ. ಜೇವರ್ಗಿಯಿಂದ ತಂದ ಒಂದು ಎಣ್ಣೆಯ ಡಬ್ಬಿಯು ಹಗ್ಗದ ಸಮೇತ ಸಂಡಿಗೆಯ ಡಬ್ಬಿಗಳ ಬದಿಗೆ ಖಾಲಿಯಾಗಿ ಕುಳಿತಿತ್ತು. ಅದನ್ನೇಕೆ ಇಟ್ಟಿರುವಿಯೆಂದು ಅತ್ತೆಯವರು ಕೇಳಿದಾಗ, “ಇರಲ್ರಿ ಅತ್ತಿ. ಸಣ್ಣಾವ ಇನ್ನ ಕಲೀಬೇಕಲ್ಲ,” ಎಂದಳು ಸೊಸೆ. ಸ್ವಲ್ಪ ತಡೆದು, “ನಾನೂ,” ಎಂದಳು.