ಹೊಲಿಗೆಯ ಯಂತ್ರವನ್ನು ಕೊಳ್ಳುವವರಿಗೆ ಕೆಲವು ಮಾತುಗಳು

ಪ್ರತಿ ವರ್ಷವೂ ಹತ್ತನೆಯ ತರಗತಿಯ ಫಲಿತಾಂಶವು ಪ್ರಕಟವಾದ ಬಳಿಕ ವರ್ಗಾವಣೆ ಪತ್ರಕ್ಕಾಗಿ ನಮ್ಮ ಕಚೇರಿಗೆ ಬರುವ ತಾಯಂದಿರಲ್ಲಿ ನಾಲ್ಕೈದು ಮಂದಿಯಾದರೂ, "ಮಿಸ್, ಮಗಳಿಗೊಂದು ಹೊಲಿಗೆ ಮೆಷಿನು ಕೊಡಿಸಬೇಕೆಂದಿದ್ದೇವೆ, ಯಾವುದು ಒಳ್ಳೆಯದು?" ಎಂದು ಕೇಳುವುದುಂಟು. ಹಾಸನದವರಲ್ಲದೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಬಂದು ಓದಿದ ಹುಡುಗಿಯರ ಮನೆಯವರೂ ಇದನ್ನೇ ಕೇಳುವರು. ಬಸ್ಸಿನ ಹೊತ್ತಾಗಿರುವ ಆ ತಾಯಂದಿರಿಗೆ ನಿಂತ ನಿಲುವಿನಲ್ಲಿ ಸರಿಯಾದ ಉತ್ತರವನ್ನು ಕೊಡುವುದು ಸಾಧ್ಯವಾಗದು. ಆದಕಾರಣ ಈ ಸ್ಮರಣ ಸಂಚಿಕೆಯ ಕೆಲವು ಪುಟಗಳನ್ನು ಆ ಪ್ರಶ್ನೆಗಾಗಿಯೇ ಉಪಯೋಗಿಸಿಕೊಳ್ಳಲು ಸಂಪಾದಕ ಮಂಡಲಿಯವರ ಅನುಮತಿಯನ್ನು ಪಡೆದಿದ್ದೇನೆ.

ಯಂತ್ರದ ಮಾತಿಗೆ ಮೊದಲು ಇನ್ನೊಂದು ಮಾತುಂಟು. ಕೇಳುವವರಲ್ಲಿ ಎರಡು ಬಗೆ. ಹುಡುಗಿಗೆ ಹೊಲಿಗೆಯಲ್ಲಿ ಆಸೆಯಿದೆ, ಓದಿನ ಜೊತೆಗೆ ಕಲಿಯಲಿ ಎನ್ನುವವರು ಒಂದು ಬಗೆ. "ಒಂದು ಮೆಷಿನು ಕೊಡಿಸಿಬಿಟ್ಟರೆ ಸಾಕು, ಇನ್ನು ಕಾಲೇಜು ಯಾಕೆ?" ಎನ್ನುವವರು ಮತ್ತೊಂದು ಬಗೆ. ಎರಡನೆಯವರಿಗೆ ನಾನು ಯಾವ ಯಂತ್ರದ ಹೆಸರನ್ನೂ ಹೇಳುವುದಿಲ್ಲ. ಮೊದಲು ಮಗಳನ್ನು ಪಿ.ಯು. ತರಗತಿಗೆ ಸೇರಿಸಿ, ಆ ರಸೀದಿಯನ್ನು ತಂದು ತೋರಿಸಿದರೆ ಅಂಗಡಿಗೆ ನಾನೇ ಜೊತೆಯಲ್ಲಿ ಬರುವೆನೆಂದು ಹೇಳುತ್ತೇನೆ. ಹೀಗೆ ಹೇಳಿದ್ದಕ್ಕೆ ಕೋಪಿಸಿಕೊಂಡು ಹೋದ ತಂದೆಯೊಬ್ಬರು ಹದಿನೈದು ದಿನಗಳ ಮೇಲೆ ರಸೀದಿಯನ್ನು ಹಿಡಿದುಕೊಂಡೇ ಬಂದರು. ನಾನೂ ಮಾತಿಗೆ ತಪ್ಪದೆ ಅಂಗಡಿಗೆ ಹೋದೆ.

ಹೊಲಿಗೆಯ ಯಂತ್ರದ ಪೂರ್ವಕಥೆಯನ್ನು ಸ್ವಲ್ಪ ತಿಳಿದಿದ್ದರೆ ಕೊಳ್ಳುವಾಗ ಪ್ರಯೋಜನವಾಗುವುದು. 1830ರಲ್ಲಿ ಫ್ರಾನ್ಸ್ ದೇಶದ ಬಾರ್ತೆಲೆಮಿ ತಿಮೊನಿಯೇ ಎಂಬ ದರ್ಜಿಯು ತನ್ನ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಅದು ಒಂದೇ ದಾರದಿಂದ ಸರಪಳಿಯಂತೆ ಹೊಲಿಯುತ್ತಿತ್ತು. ತಮ್ಮ ಅನ್ನಕ್ಕೆ ಸಂಚಕಾರ ಬಂದೀತೆಂದು ಹೆದರಿದ ಪ್ಯಾರಿಸಿನ ದರ್ಜಿಗಳು ಅವನ ಯಂತ್ರಗಳನ್ನು ಒಡೆದುಹಾಕಿದರು. ಮುಂದೆ ಅಮೆರಿಕೆಯ ಇಲಿಯಾಸ್ ಹೋವ್ ಎಂಬವನು 1846ರಲ್ಲಿ, ಸೂಜಿಯ ಮೊನೆಯ ಬಳಿಯಲ್ಲಿಯೇ ಕಣ್ಣನ್ನಿಟ್ಟು, ಮೇಲಿನ ದಾರವೂ ಕೆಳಗಿನ ದಾರವೂ ಬಟ್ಟೆಯ ನಡುವೆ ಒಂದನ್ನೊಂದು ಹೆಣೆದುಕೊಳ್ಳುವಂತೆ ಮಾಡಿದ ಯಂತ್ರಕ್ಕೆ ಹಕ್ಕನ್ನು ಪಡೆದನು. ಐದು ವರ್ಷಗಳ ತರುವಾಯ, ಎಂದರೆ 1851ರಲ್ಲಿ, ಐಸಾಕ್ ಸಿಂಗರನು ಅದನ್ನು ಮನೆಮನೆಗೂ ಒಗ್ಗುವಂತೆ ತಿದ್ದಿದನು. ಯಂತ್ರಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಮಹಾತ್ಮ ಗಾಂಧಿಯವರು ಕೂಡ 1924ರಲ್ಲಿ ದಿಲ್ಲಿಯಲ್ಲಿ ನಡೆದ ಒಂದು ಸಂಭಾಷಣೆಯಲ್ಲಿ ಸಿಂಗರನ ಹೊಲಿಗೆಯ ಯಂತ್ರಕ್ಕೆ ಮಾತ್ರ ವಿನಾಯಿತಿಯನ್ನು ಕೊಟ್ಟರು. ಹೆಂಡತಿಯು ಕೈಯಿಂದ ಹೊಲಿದು ಬಳಲುವುದನ್ನು ನೋಡಲಾರದ ಗಂಡನ ಪ್ರೀತಿಯಿಂದ ಅದು ಹುಟ್ಟಿತೆಂಬುದು ಅವರ ಅಭಿಪ್ರಾಯವಾಗಿತ್ತು.

ಒಂದು ದಾರದ ಹೊಲಿಗೆಗೂ ಎರಡು ದಾರದ ಹೊಲಿಗೆಗೂ ಇರುವ ಭೇದವನ್ನು ಇಲ್ಲಿ ಹೇಳಿದುದಕ್ಕೆ ಕಾರಣವುಂಟು. ಈಚೆಗೆ ಮೊಬೈಲಿನಲ್ಲಿ ಚಿತ್ರವನ್ನು ನೋಡಿ ತರಿಸಿಕೊಳ್ಳುವ, ಅಂಗೈಯಲ್ಲಿ ಹಿಡಿಯುವಂಥ ಅಗ್ಗದ ಯಂತ್ರಗಳು ಹೊಲಿಯುವುದು ಬಹುಮಟ್ಟಿಗೆ ಆ ಒಂದೇ ದಾರದ ಸರಪಳಿಯನ್ನು. ಕೊನೆಯ ಎಳೆಯನ್ನು ಹಿಡಿದು ಎಳೆದರೆ ಲಂಗದ ಅಂಚೆಲ್ಲವೂ ಒಂದೇ ಉಸಿರಿಗೆ ಬಿಚ್ಚಿಕೊಳ್ಳುವುದು. ಮೇಜಿನ ಮೇಲಿಡುವ ಪುಟ್ಟ ಪ್ಲಾಸ್ಟಿಕ್ಕಿನ ಯಂತ್ರಗಳು ಎರಡು ದಾರದಿಂದ ಹೊಲಿಯುವುವಾದರೂ ಅವುಗಳ ಹಲ್ಲುಗಾಲಿಗಳು ಪ್ಲಾಸ್ಟಿಕ್ಕಿನವೇ. ನಾಲ್ಕು ಮಡಿಕೆಯ ಪಾಪ್ಲಿನ್ ಬಟ್ಟೆಯನ್ನು ಕೊಟ್ಟರೆ ಏದುಸಿರು ಬಿಡುವುವು.

ಚನ್ನರಾಯಪಟ್ಟಣದ ಕಡೆಯ ಹಳ್ಳಿಯಿಂದ ಬರುತ್ತಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ಅವಳ ತಾಯಿಯು ಕೊಬ್ಬರಿ ಮಾರಿದ ಹಣದಲ್ಲಿ ಇಂಥದೊಂದು ಪುಟ್ಟ ಯಂತ್ರವನ್ನು ತರಿಸಿಕೊಟ್ಟರು. ಎರಡು ತಿಂಗಳು ಆ ಹುಡುಗಿಯು ಅದರೊಡನೆ ಹೆಣಗಿದಳು. ದಾರವು ಕಿತ್ತುಬರುವುದು, ಬಟ್ಟೆಯ ಕೆಳಗೆ ಗಂಟುಗಂಟಾಗುವುದು, ಸೂಜಿಯು ಮುರಿಯುವುದು. ಕಡೆಗೆ ಅವಳು, "ನನ್ನ ಕೈ ಸರಿಯಿಲ್ಲ ಮಿಸ್, ನನಗೆ ಹೊಲಿಗೆ ಬರುವುದಿಲ್ಲ" ಎಂದಳು. ತಾಯಿಯೂ ಹಾಗೆಯೇ ನಂಬಿಬಿಟ್ಟಿದ್ದರು. ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರು ಅವಳನ್ನು ಶಾಲೆಯ ತುಳಿಯುವ ಯಂತ್ರದ ಮುಂದೆ ಕೂರಿಸಿ, ದಾರ ಪೋಣಿಸುವುದನ್ನು ಒಮ್ಮೆ ತೋರಿಸಿ, ಸುಮ್ಮನೆ ಪಕ್ಕಕ್ಕೆ ನಿಂತರು. ಸಂಜೆಯ ಗಂಟೆಯಾಗುವಷ್ಟರಲ್ಲಿ ಒಂದು ಒಳಲಂಗವು ಸಿದ್ಧವಾಗಿತ್ತು, ಹೊಲಿಗೆಯು ಗೆರೆ ಎಳೆದಂತಿತ್ತು. ಅಗ್ಗದ ಯಂತ್ರದಿಂದ ಹೋಗುವ ಹಣವನ್ನು ಹೇಗೋ ಹೊಂದಿಸಿಕೊಳ್ಳಬಹುದು. ಹದಿನಾರು ವರ್ಷದ ಹುಡುಗಿಯು ಯಂತ್ರದ ದೋಷವನ್ನು ತನ್ನ ಕೈಯ ದೋಷವೆಂದು ಬಗೆದು ಕುಳಿತರೆ ಆ ನಷ್ಟವನ್ನು ತುಂಬುವವರು ಯಾರು?

ಹಾಗಾದರೆ ಯಾವುದನ್ನು ಕೊಳ್ಳಬೇಕು? ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುವೆನು. ಹೊಸದಾಗಿ ಕಲಿಯುವವಳಿಗೆ, ಅದರಲ್ಲಿಯೂ ಹಳ್ಳಿಯಲ್ಲಿರುವವಳಿಗೆ, ಎರಕದ ಕಬ್ಬಿಣದ ತಲೆಯುಳ್ಳ, ಕಾಲಿನಿಂದ ತುಳಿಯುವ, ನೇರ ಹೊಲಿಗೆಯನ್ನು ಮಾತ್ರ ಹಾಕುವ ಆ ಹಳೆಯ ಮಾದರಿಯ ಕಪ್ಪು ಯಂತ್ರಕ್ಕೆ ಸಮನಾದುದು ಮತ್ತೊಂದಿಲ್ಲ. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಯ್ ಇಂಜಿನಿಯರಿಂಗ್ ವರ್ಕ್ಸ್ ಎಂಬ ಕಾರ್ಖಾನೆಯವರು ಉಷಾ ಯಂತ್ರವನ್ನು ತಯಾರಿಸಲಾರಂಭಿಸಿದಂದಿನಿಂದ ಇಂಥ ಯಂತ್ರಗಳು ನಮ್ಮ ದೇಶದಲ್ಲಿಯೇ ಆಗುತ್ತಿವೆ. ಪಂಜಾಬಿನ ಲೂಧಿಯಾನದಲ್ಲಿಯೂ ಈ ಕಸುಬು ದೊಡ್ಡದಾಗಿ ಬೆಳೆದಿದೆ. ಮೇಜು, ಕಬ್ಬಿಣದ ಸ್ಟ್ಯಾಂಡು ಎಲ್ಲವೂ ಸೇರಿ ಸುಮಾರು 6,000ದಿಂದ 9,000 ರೂಪಾಯಿಗಳ ಒಳಗೆ ಒಳ್ಳೆಯದು ದೊರೆಯುವುದು. ತುಳಿದಷ್ಟೇ ಓಡುವುದರಿಂದ ವೇಗವು ಹುಡುಗಿಯ ಪಾದದ ಹಿಡಿತದಲ್ಲಿರುವುದು. ಕರೆಂಟು ಹೋದರೆ ಕೆಲಸವು ನಿಲ್ಲುವುದಿಲ್ಲ. ಕೈ ಕುದುರಿದ ಮೇಲೆ ಸಾವಿರ, ಸಾವಿರದೈನೂರು ರೂಪಾಯಿಗಳಲ್ಲಿ ಒಂದು ಮೋಟಾರನ್ನು ಅದಕ್ಕೇ ಜೋಡಿಸಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಬಾಬಿನ್, ಬಾಬಿನ್ ಕೇಸು, ಬೆಲ್ಟು, ಸೂಜಿಗಳು ಅರಕಲಗೂಡಿನಂಥ ಊರಿನಲ್ಲಿಯೂ ಸಿಕ್ಕುವುವು. ಅದನ್ನು ಬಿಚ್ಚಿ ಜೋಡಿಸಬಲ್ಲ ರಿಪೇರಿಯವರು ಎಲ್ಲೆಲ್ಲಿಯೂ ಇದ್ದಾರೆ.

ವಿದ್ಯುತ್ತಿನಿಂದ ನಡೆಯುವ ಬಿಳಿಯ ಬಣ್ಣದ ಯಂತ್ರಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಅಡ್ಡಹೊಲಿಗೆ, ಕಾಜಾ, ಚಿಕ್ಕಪುಟ್ಟ ಅಲಂಕಾರದ ಹೊಲಿಗೆಗಳು ಅದರಲ್ಲಿ ಬರುವುವು. ಬೆಲೆಯು ಸುಮಾರು 9,000 ರೂಪಾಯಿಗಳಿಂದ ಮೇಲಕ್ಕೆ. ಹಾಸನದ ಪೇಟೆಯಲ್ಲಿರುವ, ಬೇರೆ ಉದ್ಯೋಗವಿದ್ದು ಭಾನುವಾರದ ವಿನೋದಕ್ಕಾಗಿ ದಿಂಬಿನ ಚೀಲ, ಮಕ್ಕಳ ಫ್ರಾಕು ಹೊಲಿಯಬಯಸುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದೇ ತಕ್ಕುದು. ಹಗುರವಾಗಿರುವುದರಿಂದ ಕೆಲಸವಾದ ಮೇಲೆ ಬೀರುವಿನಲ್ಲಿಡಬಹುದು. ಆದರೆ "ಇಪ್ಪತ್ತೊಂದು ಬಗೆಯ ಹೊಲಿಗೆ" ಎಂಬ ಮಾತಿಗೆ ಮರುಳಾಗಬೇಡಿರಿ. ಅವುಗಳಲ್ಲಿ ಬಳಕೆಗೆ ಬರುವುವು ಮೂರೋ ನಾಲ್ಕೋ. ಮಿಕ್ಕವು ಬಂದವರಿಗೆ ತೋರಿಸುವುದಕ್ಕೆ.

ಹಣ ಸಂಪಾದನೆಯ ಉದ್ದೇಶವಿರುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸೀರೆಗೆ ಫಾಲ್ಸು ಹಚ್ಚುವುದನ್ನು ಕೈಸೂಜಿಯಿಂದಲೇ ಮಾಡಬಹುದು. ಪಿಕೋ ಮಾಡುವುದಕ್ಕೆ ನೇರ ಹೊಲಿಗೆಯ ಯಂತ್ರವು ಸಾಲದು. ರವಿಕೆಯ ವಿಷಯದಲ್ಲಾದರೋ ಗಿರಾಕಿಗಳು ಮರಳಿ ಬರುವುದು ಕತ್ತರಿಯನ್ನು ನಂಬಿಯೇ ಹೊರತು ಯಂತ್ರವನ್ನು ನಂಬಿಯಲ್ಲ. ಆದುದರಿಂದ ಇರುವ ಹಣವನ್ನೆಲ್ಲ ಯಂತ್ರದ ಮೇಲೆಯೇ ಸುರಿಯದೆ ಒಳ್ಳೆಯ ಕತ್ತರಿಗೂ ಅಳತೆ ಮತ್ತು ಕಟಿಂಗಿನ ಪಾಠಕ್ಕೂ ಒಂದಷ್ಟನ್ನು ಉಳಿಸಿಕೊಳ್ಳಬೇಕು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಮುಂದೆ ದೇಶದ ಜಿಲ್ಲೆಜಿಲ್ಲೆಗಳಲ್ಲಿಯೂ ಬ್ಯಾಂಕುಗಳವರು ತರಬೇತಿ ಕೇಂದ್ರಗಳನ್ನು ತೆರೆದರು. ಅಲ್ಲಿ ಗ್ರಾಮಾಂತರದ ಸ್ತ್ರೀಯರಿಗೆ ಸುಮಾರು ಒಂದು ತಿಂಗಳ ಹೊಲಿಗೆಯ ಶಿಕ್ಷಣವನ್ನು ಊಟವಸತಿಗಳೊಡನೆ ಉಚಿತವಾಗಿ ಕೊಡುವರು. ಕೊಳ್ಳುವುದಕ್ಕೆ ಮೊದಲೇ ಇಂಥಲ್ಲಿ ಕಲಿತುಬಂದರೆ ಯಾವ ಯಂತ್ರವು ಬೇಕೆಂಬುದು ಅವಳಿಗೇ ತಿಳಿಯುವುದು.

ಅಂಗಡಿಯಲ್ಲಿ ಪರೀಕ್ಷಿಸುವ ಬಗೆ ಹೀಗೆ. ಮನೆಯಿಂದಲೇ ಎರಡು ಬಣ್ಣದ ದಾರಗಳನ್ನೂ ಒಂದು ತುಂಡು ತೆಳುವಾದ ವಾಯಿಲನ್ನೂ ಒಂದು ತುಂಡು ದಪ್ಪನೆಯ ಬಟ್ಟೆಯನ್ನೂ ಒಯ್ಯಿರಿ. ಅಂಗಡಿಯವರು ತೋರಿಸುವ ಬಟ್ಟೆಯ ಮೇಲೆ ಎಲ್ಲ ಯಂತ್ರಗಳೂ ಚೆನ್ನಾಗಿಯೇ ಹೊಲಿಯುವುವು! ಮೊದಲು ದಾರವಿಲ್ಲದೆ ಕೈಚಕ್ರವನ್ನು ಮೆಲ್ಲನೆ ಒಂದು ಸುತ್ತು ತಿರುಗಿಸಿರಿ. ಎಲ್ಲಿಯಾದರೂ ಹಿಡಿದುಕೊಂಡಂತಾದರೆ ಆ ಯಂತ್ರವು ಬೇಡ. ಬಳಿಕ ಮೇಲೆ ಕೆಂಪು ದಾರವನ್ನೂ ಬಾಬಿನ್ನಿಗೆ ಬಿಳಿಯ ದಾರವನ್ನೂ ಹಾಕಿ ಎರಡು ಮಡಿಕೆಯ ಬಟ್ಟೆಯನ್ನು ಹೊಲಿಯಿರಿ. ಮೇಲ್ಭಾಗದಲ್ಲಿ ಬಿಳಿಯ ಚುಕ್ಕೆಗಳು ಇಣುಕಿದರೆ ಮೇಲಿನ ಬಿಗಿತವು ಹೆಚ್ಚಾಯಿತೆಂದೂ ಕೆಳಗೆ ಕೆಂಪು ಕಂಡರೆ ಕಡಿಮೆಯಾಯಿತೆಂದೂ ತಿಳಿಯಬೇಕು. ತಿರುಪನ್ನು ಸ್ವಲ್ಪ ತಿರುಗಿಸಿದರೆ ಸರಿಹೋಗುವುದಾದರೆ ಚಿಂತೆಯಿಲ್ಲ. ಎಷ್ಟು ತಿರುಗಿಸಿದರೂ ಸರಿಹೋಗದಿದ್ದರೆ ಮುಂದಿನದನ್ನು ತೋರಿಸೆನ್ನಿರಿ. ದಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೊಡಿರಿ. ಸೂಜಿಯನ್ನೂ ಬದಲಾಯಿಸಿ ನೋಡಬೇಕು: ತೆಳುವಾದುದಕ್ಕೆ 11ನೆಯ ನಂಬರು, ಸಾಧಾರಣ ಹತ್ತಿಯ ಬಟ್ಟೆಗೆ 14, ದಪ್ಪನೆಯದಕ್ಕೆ 16 ಅಥವಾ 18. ಹೊಲಿಯುವವಳು ಹುಡುಗಿಯೇ ಆಗಿರಬೇಕು. ಅಣ್ಣನೋ ಮಾವನೋ ಕುಳಿತು ತುಳಿದು ಒಪ್ಪಿಬಂದ ಯಂತ್ರದಲ್ಲಿ ಅವಳ ಕಾಲು ಪೆಡಲಿಗೆ ನೆಟ್ಟಗೆ ಎಟಕುವುದೇ ಎಂಬುದು ಗೊತ್ತಾಗುವುದು ಹೇಗೆ?

ಹಳೆಯ ಯಂತ್ರಗಳ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಲದ ಸಿಂಗರ್ ಯಂತ್ರವೊಂದು ಹೊದಿಕೆ ಹೊದ್ದು, ಮೇಲೆ ಟಿ.ವಿ.ಯನ್ನೋ ಹೂವಿನ ಕುಂಡವನ್ನೋ ಹೊತ್ತು ನಿಂತಿರುವುದುಂಟು. ಅವುಗಳಲ್ಲಿ ಅನೇಕವು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ, 1980ರಲ್ಲಿ ಮುಚ್ಚಿಹೋದ ಕಾರ್ಖಾನೆಯಲ್ಲಿ ತಯಾರಾದವು. ತಳದ ಮೇಲೆ ಕೆತ್ತಿರುವ ಅಕ್ಷರ ಮತ್ತು ಸಂಖ್ಯೆಗಳಿಂದ ಅದು ಯಾವ ವರ್ಷದ್ದೆಂದು ತಿಳಿಯಬಹುದು. ಬಾಬಿನ್ನು ದುಂಡಗಿದ್ದು ಚಕ್ರವು ಸಲೀಸಾಗಿ ತಿರುಗಿದರೆ, ಶುಚಿಮಾಡಿಸಿ, ಚರ್ಮದ ಬೆಲ್ಟನ್ನು ಬದಲಾಯಿಸಿ ಧಾರಾಳವಾಗಿ ಬಳಸಬಹುದು. ಹೊಸದನ್ನು ಕೊಳ್ಳುವ ಅವಶ್ಯವೇ ಇಲ್ಲ. ದೋಣಿಯಾಕಾರದ ಷಟಲ್ಲೂ ಕಡ್ಡಿಯಂಥ ಉದ್ದನೆಯ ಬಾಬಿನ್ನೂ ಉಳ್ಳ ಯಂತ್ರವಾದರೆ ಮಾತ್ರ, ಎಷ್ಟೇ ಅಂದವಾಗಿದ್ದರೂ, ಕಲಿಯುವವಳಿಗೆ ಕೊಡಬೇಡಿರಿ. ಅದರ ಬಿಡಿಭಾಗಗಳಿಗಾಗಿ ಊರೂರು ಅಲೆಯಬೇಕಾಗುವುದು.

ಎಣ್ಣೆಯ ವಿಷಯವೊಂದು ನೆನಪಾಗುತ್ತದೆ. ತೆಂಗಿನ ಸೀಮೆಯವರಾದ ನಮ್ಮ ಚನ್ನರಾಯಪಟ್ಟಣದವರಿಗೆ ತಲೆಗೂ ಅದೇ, ಬಾಗಿಲ ಕೀಲಿಗೂ ಅದೇ, ಯಂತ್ರಕ್ಕೂ ಅದೇ ಕೊಬ್ಬರಿ ಎಣ್ಣೆ. ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿರುವ ನಮ್ಮ ಜಿಲ್ಲೆಯಲ್ಲಿ ಮಾರ್ಗಶಿರ, ಪುಷ್ಯ ಮಾಸಗಳ ಚಳಿಗೆ ಶೀಸೆಯಲ್ಲಿಯೇ ಹೆಪ್ಪುಗಟ್ಟುವ ಆ ಎಣ್ಣೆಯು ಯಂತ್ರದ ಸಂದುಗಳಲ್ಲಿ ಏನಾದೀತೆಂದು ಯೋಚಿಸಿರಿ. ಧೂಳಿನೊಡನೆ ಸೇರಿ ಅಂಟಾಗಿ, ಚೆನ್ನಾಗಿದ್ದ ಯಂತ್ರವೂ ಬಿಗಿದುಕೊಂಡುಬಿಡುವುದು. ಹೊಲಿಗೆಯ ಯಂತ್ರಕ್ಕೆಂದೇ ಮಾರುವ ತೆಳ್ಳನೆಯ ಎಣ್ಣೆಯ ಶೀಸೆಗೆ ಕೆಲವೇ ರೂಪಾಯಿಗಳು. ವಾರಕ್ಕೆರಡು ತೊಟ್ಟು ಸಾಕು.

ಇನ್ನು ಹಣದ ಮಾತು. ಕಂತಿನಲ್ಲಿ ಮಾರುವ ಪದ್ಧತಿಯನ್ನು ಮನೆಮಾತಾಗಿಸಿದ್ದೇ 1850ರ ದಶಕದಲ್ಲಿ ಸಿಂಗರ್ ಕಂಪನಿಯವರು. ಆದುದರಿಂದ ಕಂತು ಈ ಯಂತ್ರದ ಹುಟ್ಟು ಜೊತೆಗಾರನೆಂದೇ ಹೇಳಬೇಕು. ಕಂತಿಗೆ ಒಪ್ಪುವ ಮೊದಲು ಎಲ್ಲ ಕಂತುಗಳನ್ನೂ ಕೂಡಿ, ರೊಕ್ಕ ಕೊಟ್ಟರೆ ಆಗುವ ಬೆಲೆಯ ಪಕ್ಕದಲ್ಲಿ ಬರೆದು ನೋಡಿರಿ. ನಮ್ಮ ಹುಡುಗಿಯರಿಗೆ ಇಷ್ಟು ಲೆಕ್ಕವನ್ನು ಕಲಿಸಿದ್ದೇವೆ. ಅರಕಲಗೂಡಿನ ಕಡೆಯ ತಾಯಿಯೊಬ್ಬರು, 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಗಳಲ್ಲಿ ಒಂದೊಂದು ಸಾವಿರವನ್ನು ತೆಗೆದಿಟ್ಟು ಎಂಟನೆಯ ತಿಂಗಳಿಗೆ ಯಾರ ಹಂಗೂ ಇಲ್ಲದೆ ಯಂತ್ರವನ್ನು ಮನೆಗೆ ತಂದರು. ಅದೇ ವರ್ಷದ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರದವರು ಪ್ರಾರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಯ ಕಸುಬನ್ನೂ ಸೇರಿಸಿ, ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗೆ ನೆರವನ್ನು ಗೊತ್ತುಮಾಡಿದರು. ಅದು ಈಗಾಗಲೇ ಆ ಕಸುಬನ್ನು ಮಾಡುತ್ತಿರುವ, 18 ವರ್ಷ ತುಂಬಿದವರಿಗಾಗಿ ಏರ್ಪಟ್ಟದ್ದು. ಶಾಲೆ ಬಿಟ್ಟ ಹುಡುಗಿಗಲ್ಲ. "ಎಲ್ಲ ಸ್ತ್ರೀಯರಿಗೂ ಉಚಿತ ಹೊಲಿಗೆ ಯಂತ್ರ, ಇಲ್ಲಿ ಒತ್ತಿರಿ" ಎಂದು ಮೊಬೈಲಿಗೆ ಬರುವ ಸಂದೇಶಗಳನ್ನು ಮಾತ್ರ ಎಷ್ಟು ಮಾತ್ರಕ್ಕೂ ನಂಬಬೇಡಿರಿ. ಅಂಥ ಹೆಸರಿನ ಯೋಜನೆಯೇ ಇಲ್ಲವೆಂದು ಕೇಂದ್ರ ಸರ್ಕಾರದ ವಾರ್ತಾ ಶಾಖೆಯವರೇ ಪ್ರಕಟಿಸಿದ್ದಾರೆ. ಆಧಾರ್ ಸಂಖ್ಯೆಯನ್ನೂ ನೂರಿನ್ನೂರು "ನೋಂದಣಿ ಶುಲ್ಕ"ವನ್ನೂ ಕೊಟ್ಟು ಕಾದು ಕುಳಿತವರನ್ನು ನಾನು ಬಲ್ಲೆ.

ನಮ್ಮ ಹೊಲಿಗೆಯ ಕೊಠಡಿಯಲ್ಲಿ ಈಗ ಮೂರು ಬಗೆಯ ಯಂತ್ರಗಳಿವೆ: ತುಳಿಯುವುದೊಂದು, ಮೋಟಾರು ಜೋಡಿಸಿದುದೊಂದು, ವಿದ್ಯುತ್ತಿನ ಬಿಳಿಯದೊಂದು. ಶನಿವಾರ ಅರ್ಧ ದಿನದ ತರಗತಿಗಳು ಮುಗಿದ ಮೇಲೆ ಮೂರು ಗಂಟೆಯವರೆಗೂ ಆ ಕೊಠಡಿಯನ್ನು ತೆರೆದಿಡುವಂತೆ ಏರ್ಪಾಡು ಮಾಡಿದ್ದೇನೆ. ಕೊಳ್ಳಬೇಕೆಂದಿರುವ ಹಳೆಯ ವಿದ್ಯಾರ್ಥಿನಿಯರೂ ತಾಯಂದಿರೂ ಬಂದು ಮೂರರಲ್ಲಿಯೂ ಕುಳಿತು ಹೊಲಿದು ನೋಡಬಹುದು. ಹೊಳೆನರಸೀಪುರದ ಕಡೆಗೆ ಹಿಂದಿರುಗಬೇಕಾದವರು ಮೊದಲೇ ತಿಳಿಸಿದರೆ ಅವರ ಸರದಿಯನ್ನು ಮುಂದಕ್ಕೆ ಹಾಕಿಕೊಡಲಾಗುವುದು. ಬಟ್ಟೆಯನ್ನು ನೀವೇ ತನ್ನಿರಿ. ದಾರ ಮತ್ತು ಸೂಜಿಗಳನ್ನು ಶಾಲೆಯಿಂದ ಕೊಡುತ್ತೇವೆ.