ಉದರದ ಮೇಲಿನ ಚೀಲವೂ ನಿತ್ಯದ ಕಾಯಕವೂ

ಅಜೀರ್ಣ, ಆಮಶಂಕೆ, ಮೂಲವ್ಯಾಧಿ ಮುಂತಾದ ಬೇನೆಗಳನ್ನು ಕುರಿತು ಪಡಸಾಲೆಯಲ್ಲಿ ಕುಳಿತು ಮಾತನಾಡುವುದಕ್ಕೆ ನಮ್ಮ ಹಿರಿಯರು ಎಂದೂ ಹಿಂಜರಿದವರಲ್ಲ. ಆದರೆ ಮಲವು ದೇಹದಿಂದ ಹೊರಬೀಳುವ ಹಾದಿಯನ್ನೇ ವೈದ್ಯರು ಬದಲಿಸಿದರೆಂದರೆ ಮನೆಮಂದಿಯೆಲ್ಲ ಮೌನ ತಾಳುತ್ತಾರೆ. ಬೀಗರಿಗೂ ಹೇಳುವುದಿಲ್ಲ, ನೆರೆಯವರಿಗೂ ಹೇಳುವುದಿಲ್ಲ. ಈ ಮೌನದಿಂದಾಗುವ ಹಾನಿಯನ್ನು ಕಂಡೇ ನಾವು ಈ ವಿಷಯವನ್ನು ಸದ್ಭಕ್ತರ ಮುಂದೆ ಇಡುತ್ತಿದ್ದೇವೆ. ನಾವು ಬಲ್ಲದ್ದು ನಮ್ಮ ಮೈಯಿಂದಲೇ ಕಲಿತದ್ದು.

2016ರಲ್ಲಿ ನಮಗೆ ಶಸ್ತ್ರಚಿಕಿತ್ಸೆಯಾಯಿತು. ದೊಡ್ಡಕರುಳಿನ ಒಳಪೊರೆಯಲ್ಲಿ ಹುಣ್ಣಾಗಿ ರಕ್ತಭೇದಿಯಾಗುವ ಅಲ್ಸರೇಟಿವ್ ಕೊಲೈಟಿಸ್ ಎಂಬ ವ್ಯಾಧಿಯು ಯಾವ ಔಷಧಿಗೂ ಮಣಿಯದೆ ಹೋದಾಗ, ವೈದ್ಯರು ದೊಡ್ಡಕರುಳನ್ನು ತೆಗೆದುಹಾಕಿ ಸಣ್ಣಕರುಳಿನ ತುದಿಯನ್ನು ಉದರದ ಬಲಭಾಗದಲ್ಲಿ ಹೊರತಂದರು. ಇದಕ್ಕೆ ಇಲಿಯಾಸ್ಟಮಿ ಎನ್ನುತ್ತಾರೆ. ದೊಡ್ಡಕರುಳಿನ ಭಾಗವನ್ನೇ ಹೊರತಂದರೆ ಅದು ಕೊಲಾಸ್ಟಮಿ. ಹೊರಗೆ ಕಾಣುವ ಆ ದ್ವಾರಕ್ಕೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಬಾಯಿ. ಅದು ನಮ್ಮ ಬಾಯೊಳಗಿನ ಚರ್ಮದಂತೆಯೇ ಕೆಂಪಾಗಿ, ತೇವವಾಗಿ ಇರುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ. ಮಲವನ್ನು ತಡೆದು ಹಿಡಿಯುವ ಸ್ನಾಯು ಅಲ್ಲಿ ಇಲ್ಲದಿರುವುದರಿಂದ ಸದಾ ಒಂದು ಚೀಲವನ್ನು ಅಂಟಿಸಿಕೊಂಡಿರಬೇಕು.

ಶಸ್ತ್ರಚಿಕಿತ್ಸೆಗೆ ಹೊರಟವರು ಒಂದು ಮಾತನ್ನು ಮರೆಯಬಾರದು. ಹಿಂದಿನ ದಿನ ಬಂದ ದಾದಿಯು ನಮ್ಮನ್ನು ಕೂಡಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಹೊಟ್ಟೆಯ ಮೇಲೆ ಗುರುತು ಹಾಕಿದರು. ನಾವು ಧೋತರ ಉಡುವವರು, ನಿತ್ಯವೂ ಪದ್ಮಾಸನದಲ್ಲಿ ಕುಳಿತು ಪೂಜೆ ಮಾಡುವವರು ಎಂದು ತಿಳಿಸಿದಾಗ, ಧೋತರದ ಗಂಟು ಬರುವ ಸ್ಥಳವನ್ನೂ ಹೊಟ್ಟೆ ಮಡಿಚುವ ಗೆರೆಯನ್ನೂ ತಪ್ಪಿಸಿ ಗುರುತನ್ನು ಬದಲಿಸಿದರು. ಸೀರೆ ಉಡುವ ತಾಯಂದಿರೂ ಹೀಗೆಯೇ ಸಂಕೋಚವಿಲ್ಲದೆ ಹೇಳಿಕೊಳ್ಳಬೇಕು. ಗುರುತು ತಪ್ಪಿದರೆ ಚೀಲ ಸರಿಯಾಗಿ ಅಂಟದೆ ವರುಷಗಟ್ಟಲೆ ಸೋರುತ್ತದೆ.

ಈ ಚೀಲದ ಹುಟ್ಟಿನ ಹಿಂದೆ ಒಬ್ಬ ಸೋದರಿಯ ಅಂತಃಕರಣವಿದೆ. 1954ರಲ್ಲಿ ಡೆನ್ಮಾರ್ಕಿನ ದಾದಿ ಎಲಿಸೆ ಸೊರೆನ್ಸೆನ್ ಎಂಬಾಕೆ, ಶಸ್ತ್ರಚಿಕಿತ್ಸೆಯ ನಂತರ ಮನೆಬಿಟ್ಟು ಹೊರಬರಲು ಅಂಜುತ್ತಿದ್ದ ತನ್ನ ತಂಗಿ ಥೋರಾಳಿಗಾಗಿ, ಮೈಗೆ ಅಂಟಿಕೊಳ್ಳುವ, ಬಳಸಿ ಬಿಸಾಡಬಹುದಾದ ಚೀಲವನ್ನು ಕಲ್ಪಿಸಿದಳು. ಅದಕ್ಕೆ ಮೊದಲು ರೋಗಿಗಳು ಬಟ್ಟೆ, ರಬ್ಬರು, ಲೋಹದ ಸಾಧನಗಳನ್ನು ಕಟ್ಟಿಕೊಂಡು ಪಟ್ಟ ಪಾಡನ್ನು ನೆನೆದರೆ ಇಂದಿನ ನಮ್ಮ ತೊಂದರೆ ಅಲ್ಪವೆಂದೇ ತೋರುತ್ತದೆ.

ಇನ್ನು ಅನೇಕರು ಕೇಳಲು ನಾಚುವ ಪ್ರಶ್ನೆಗೆ ಬರೋಣ. ಒಬ್ಬ ತಾಯಿ ನಮ್ಮಲ್ಲಿಗೆ ಬಂದು ಕಣ್ಣೀರು ತಂದುಕೊಂಡರು. ಅವರ ಮಗ ಇಪ್ಪತ್ತೆರಡರ ತರುಣ. ಶಸ್ತ್ರಚಿಕಿತ್ಸೆಯಾದಂದಿನಿಂದ ಅವನು ಲಿಂಗವನ್ನು ಕರಡಿಗೆ ಸಹಿತ ಬಿಚ್ಚಿ ದೇವರ ಕೋಣೆಯಲ್ಲಿ ಇಟ್ಟುಬಿಟ್ಟಿದ್ದ. ಮೈಲಿಗೆಯ ಮೈಗೆ ಲಿಂಗವೇಕೆ ಎನ್ನುತ್ತಿದ್ದನಂತೆ. ನೆಂಟರೊಬ್ಬರು ಆ ಮಾತಿಗೆ ಒತ್ತಾಸೆಯನ್ನೂ ಕೊಟ್ಟಿದ್ದರು. ಪಂಚಸೂತಕಗಳನ್ನೇ ಅಲ್ಲಗಳೆದ ಧರ್ಮದಲ್ಲಿ ಹುಟ್ಟಿದವರು ಹೀಗೆನ್ನುವುದು ನಮಗೆ ವ್ಯಥೆಯ ಸಂಗತಿ. ಮಲವು ಎಲ್ಲರ ಒಡಲಲ್ಲಿಯೂ ಇದೆ; ಚೀಲದವನಲ್ಲಿ ಅದು ನಾಲ್ಕು ಬೆರಳು ಮುಂದೆ ಬಂದಿದೆ, ಅಷ್ಟೇ. ನಾವು ಆ ತರುಣನನ್ನು ಕರೆಸಿ, ಅಂಗಿ ಸರಿಸಿ ನಮ್ಮ ಚೀಲವನ್ನು ತೋರಿಸಿದೆವು. ಕರಡಿಗೆಯು ಚೀಲಕ್ಕೆ ತಾಗದಂತೆ ಶಿವದಾರವನ್ನು ತುಸು ಮೋಟು ಮಾಡಿಕೊಂಡಿದ್ದನ್ನೂ ತೋರಿಸಿದೆವು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, 'ಪೂಜೆಯ ನಡುವೆ ಸಪ್ಪಳವಾದರೆ ಏನು ಮಾಡುತ್ತೀರಿ, ಅಜ್ಜಾರ?' ಎಂದು ಕೇಳಿದ. ಏನೂ ಮಾಡುವುದಿಲ್ಲ, ಪೂಜೆ ಮುಂದುವರಿಸುತ್ತೇವೆ ಎಂದೆವು.

ದಿನಚರಿಯ ವಿಚಾರ. ದೊಡ್ಡಕರುಳು ಇಲ್ಲದವರ ದೇಹದಿಂದ ನೀರೂ ಉಪ್ಪೂ ಹೆಚ್ಚಾಗಿ ಹೊರಹೋಗುತ್ತವೆ. ಆದುದರಿಂದ ನಾವು ನಿರಾಹಾರ, ನಿರ್ಜಲ ವ್ರತಗಳನ್ನು ಸಂಪೂರ್ಣ ಬಿಟ್ಟಿದ್ದೇವೆ. ಬೇಸಿಗೆಯಲ್ಲಿ ವೈದ್ಯರು ಹೇಳಿದ ಓಆರ್‌ಎಸ್ ದ್ರಾವಣ ಕೈಯಲ್ಲಿಯೇ ಇರುತ್ತದೆ. ಮೂತ್ರ ಕಡಿಮೆಯಾಗಿ ಗಾಢವಾದರೆ, ತಲೆ ತಿರುಗಿದರೆ ಉದಾಸೀನ ಸಲ್ಲದು. ಮೊದಲ ಕೆಲವು ವಾರ ಮೆತ್ತಗಿನ ಅನ್ನ, ಮೊಸರು, ಬಾಳೆಹಣ್ಣು ಹಿತ. ಶೇಂಗಾ, ಕೊಬ್ಬರಿ, ಗೋವಿನಜೋಳ ಇವು ಇಲಿಯಾಸ್ಟಮಿಯಲ್ಲಿ ಸಿಕ್ಕಿಕೊಳ್ಳಬಹುದು. ಮುಂದೆ ತಿಂದರೂ ಚೆನ್ನಾಗಿ ಅಗಿದು ತಿನ್ನಬೇಕು. ಹೊರಹರಿವು ಪೂರ್ತಿ ನಿಂತು ಹೊಟ್ಟೆ ನುಲಿದು ವಾಂತಿಯಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಿಧಾನವಾಗಿ ಕರಗುವ ಕೆಲವು ಮಾತ್ರೆಗಳು ಹಾಗೆಯೇ ಚೀಲಕ್ಕೆ ಬಂದುಬಿಡುತ್ತವೆ. ಯಾವ ವೈದ್ಯರ ಬಳಿ ಹೋದರೂ ಈ ಸಂಗತಿ ತಿಳಿಸಬೇಕು. ಚೀಲದ ಮೂರನೆಯ ಒಂದು ಭಾಗ ತುಂಬುತ್ತಲೇ ಬರಿದು ಮಾಡಿದರೆ ಭಾರಕ್ಕೆ ಕಿತ್ತುಬರುವುದಿಲ್ಲ. ಹೊಸದನ್ನು ಅಂಟಿಸುವಾಗ ಸುತ್ತಲಿನ ಚರ್ಮವನ್ನು ನೀರಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ಎಣ್ಣೆಯಾಗಲಿ ವಿಭೂತಿಯಾಗಲಿ ಅಲ್ಲಿ ಇರಕೂಡದು. ವಿಭೂತಿಗೆ ಹಣೆ, ತೋಳು, ಎದೆ ಇವೆಯಲ್ಲ!

ಚಟುವಟಿಕೆಯನ್ನು ಬಿಡುವ ಕಾರಣವಿಲ್ಲ. ಹೊಟ್ಟೆಯ ಸ್ನಾಯು ಸಡಿಲಾಗಿ ಹರ್ನಿಯ ಆಗದಂತೆ ಮೊದಲ ಎರಡು ಮೂರು ತಿಂಗಳು ಕೊಡಪಾನ, ಚೀಲ, ಮೂಟೆ ಎತ್ತಬಾರದು. ನಡಿಗೆಯನ್ನು ಮಾತ್ರ ಆಸ್ಪತ್ರೆಯಲ್ಲಿಯೇ ಆರಂಭಿಸುವುದು ಮೇಲು. ಅಮೆರಿಕದ ಫುಟ್‌ಬಾಲ್ ಆಟಗಾರ ರೋಲ್ಫ್ ಬೆನಿರ್ಷ್ಕೆ 1979ರಲ್ಲಿ ಇದೇ ವ್ಯಾಧಿಯಿಂದ ಶಸ್ತ್ರಚಿಕಿತ್ಸೆಗೆ ಒಳಗಾಗಿ, 1980ರಲ್ಲಿ ಚೀಲದೊಡನೆಯೇ ಮೈದಾನಕ್ಕೆ ಮರಳಿದರು. ನಮಗೆ ಅಷ್ಟು ಓಟ ಬೇಕಿಲ್ಲ. ಪ್ರಾತಃಕಾಲ ಎರಡು ಮೈಲಿ ನಡೆಯುತ್ತೇವೆ, ಪಾಠ ಹೇಳುತ್ತೇವೆ, ದಾಸೋಹದಲ್ಲಿ ಬಡಿಸುತ್ತೇವೆ, ಜಾತ್ರೆಗಳಿಗೆ ಬಸ್ಸಿನಲ್ಲಿಯೇ ಹೋಗುತ್ತೇವೆ.

ಸಣ್ಣ ಊರುಗಳ ಔಷಧಿ ಅಂಗಡಿಗಳಲ್ಲಿ ಚೀಲಗಳು ಸುಲಭವಾಗಿ ದೊರೆಯುವುದಿಲ್ಲ. ಒಂದು ತಿಂಗಳಿಗೆ ಸಾಲುವಷ್ಟು ಮುಂಚಿತವಾಗಿ ತರಿಸಿಟ್ಟುಕೊಳ್ಳಬೇಕು. ಬಿಸಿಲಿಗೆ ಇಟ್ಟರೆ ಅಂಟು ಕೆಡುತ್ತದೆ. ಪ್ರಯಾಣದಲ್ಲಿ ಎರಡು ಚೀಲ, ಒಂದು ಮೆತ್ತನೆಯ ಬಟ್ಟೆ, ನೀರಿನ ಬಾಟಲಿ ನಮ್ಮ ಜೋಳಿಗೆಯಲ್ಲಿಯೇ ಇರುತ್ತವೆ. ಆ ತರುಣ ಈಗ ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗುವಾಗ ನಮಗೂ ಸೇರಿಸಿ ತರುತ್ತಾನೆ.