ದೋಣಿಯ ಪಂದ್ಯದಲ್ಲಿ ನಾವು ಕಲಿತ ಪಾಠ



ದುರ್ಗದ ಸೀಮೆಯವರಿಗೂ ದೋಣಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ನಮ್ಮದು ಬಂಡೆಗಳ ನಾಡು. ಮುಗಿಲನ್ನು ನೋಡಿ ಬಿತ್ತುವ ನಾಡು. ಕೋಟೆಯ ಮೇಲಿನ ಅಕ್ಕ-ತಂಗಿಯರ ಹೊಂಡ, ಗೋಪಾಲಸ್ವಾಮಿ ಹೊಂಡ, ಊರೊಳಗಿನ ಸಂತೇಹೊಂಡ ಇವುಗಳಲ್ಲಿ ನಿಂತ ನೀರನ್ನು ನೋಡಿ ಬೆಳೆದ ಮದಕರಿಪುರದ ಸುತ್ತಿನ ಮಕ್ಕಳಿಗೆ ತುಂಬಿ ಹರಿಯುವ ಹೊಳೆಯೆಂದರೆ ಭೂಗೋಳದ ಪುಸ್ತಕದೊಳಗಿನ ನೀಲಿಯ ಗೆರೆಯೇ ಹೊರತು ಬೇರೆಯಲ್ಲ. ಹೀಗಿದ್ದೂ 2023ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ನಮ್ಮ ಶಾಲೆಯ ಹನ್ನೆರಡು ಮಂದಿ ಬಾಲಿಕೆಯರನ್ನು ಕರೆದುಕೊಂಡು ನಾವು ಮಂಗಳೂರಿನ ಫಲ್ಗುಣಿ ನದಿಗೆ ದೋಣಿಯ ಪಂದ್ಯಕ್ಕೆ ಹೋದೆವು. ಬಹುಮಾನವೇನೂ ಬರಲಿಲ್ಲ. ಆದರೂ ಆ ದಿನದ ವೃತ್ತಾಂತವನ್ನು ಈ ಸಂಚಿಕೆಯಲ್ಲಿ ಬರೆಯಲೇಬೇಕೆಂದು ನಮಗೆ ತೋರಿದುದಕ್ಕೆ ಒಂದು ಕಾರಣವುಂಟು. ಅದನ್ನು ಕ್ರಮವಾಗಿ ಹೇಳುವೆವು.

ಮೊದಲಾದುದು ಒಂಬತ್ತನೆಯ ತರಗತಿಯಲ್ಲಿ. ಚೀನಾ ದೇಶದ ಪಾಠ ನಡೆಯುತ್ತಿದ್ದಾಗ ಉಪಾಧ್ಯಾಯಿನಿಯೊಬ್ಬರು ಡ್ರ್ಯಾಗನ್ ದೋಣಿಯ ಚಿತ್ರವನ್ನು ತೋರಿಸಿದರು. ಎರಡು ಸಾವಿರ ವರ್ಷಗಳಿಗೂ ಹಿಂದೆ ಕ್ಯು ಯುವಾನ್ ಎಂಬ ಕವಿಯು ತನ್ನ ನಾಡಿಗೆ ಬಂದ ದುರ್ಗತಿಯನ್ನು ಸಹಿಸಲಾರದೆ ಮಿಲುವೊ ನದಿಗೆ ಬಿದ್ದನೆಂದೂ, ಅವನನ್ನು ಉಳಿಸಲು ಜನರು ದೋಣಿಗಳನ್ನು ಹತ್ತಿ ಡೋಲು ಬಾರಿಸುತ್ತ ಧಾವಿಸಿದರೆಂದೂ, ಅದರ ನೆನಪಿಗಾಗಿ ಅವರ ಐದನೆಯ ತಿಂಗಳಿನ ಐದನೆಯ ದಿನ ಪಂದ್ಯ ನಡೆಯುವುದೆಂದೂ ಆ ದೇಶದವರು ಹೇಳುವರು. 1976ರಲ್ಲಿ ಹಾಂಗ್‌ಕಾಂಗಿನಲ್ಲಿ ಪರದೇಶದವರೂ ಕೂಡಿ ಆಡಲು ಮೊದಲುಮಾಡಿದ ಈ ಪಂದ್ಯವು 2010ರಲ್ಲಿ ಏಷ್ಯದ ಕ್ರೀಡಾಕೂಟವನ್ನೂ ಸೇರಿತು. ದೊಡ್ಡ ದೋಣಿಯಲ್ಲಿ ಎರಡು ಸಾಲಾಗಿ ಇಪ್ಪತ್ತು ಮಂದಿ ಹುಟ್ಟು ಹಾಕುವರು. ಮೂತಿಯಲ್ಲಿ ಒಬ್ಬರು ಡೋಲು ಬಾರಿಸುವರು. ಹಿಂದೆ ಒಬ್ಬರು ದಿಕ್ಕು ಹಿಡಿಯುವರು.

ಇದನ್ನು ಕೇಳಿದ ಬಾಲಿಕೆಯೊಬ್ಬಳು, ಹೆಂಗಸರೂ ಹೀಗೆ ದೋಣಿ ನಡೆಸುವುದುಂಟೋ ಎಂದು ಪ್ರಶ್ನೆಮಾಡಿದಳು. ಪಕ್ಕದ ಕೇರಳದಲ್ಲಿಯೇ ಉಂಟು. 1952ರಲ್ಲಿ ಪಂಡಿತ ನೆಹರೂರವರ ಭೇಟಿಯ ಕಾಲದಲ್ಲಿ ಆಲಪ್ಪುಳದಲ್ಲಿ ಮೊದಲಾದ ಪಂದ್ಯದಲ್ಲಿ ನೂರು ಅಡಿಗೂ ಉದ್ದವಾದ ಸರ್ಪದೋಣಿಗಳ ಜೊತೆಗೆ, ತೆಕ್ಕನೋಡಿ ಎಂಬ ದೋಣಿಗಳನ್ನು ಸ್ತ್ರೀಯರೇ ನಡೆಸುವರು. ಈ ಸಂಗತಿಯನ್ನು ನಾವು ಮಂಗಳೂರಿನಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಬರೆದಾಗ ಅವಳು, ತಮ್ಮ ನದಿಯ ದಡದ ಊರಿನವರು ನಡೆಸುವ ಪಂದ್ಯದಲ್ಲಿ ಹೆಂಗಸರ ದೋಣಿಗಳೂ ಇರುವುವೆಂದೂ, ಅತಿಥಿಗಳೆಂದು ನಮ್ಮ ಮಕ್ಕಳಿಗೂ ಒಂದು ದೋಣಿ ಕೊಡಿಸುವೆನೆಂದೂ ಉತ್ತರ ಬರೆದಳು. ಪೋಷಕರ ಒಪ್ಪಿಗೆ ಪಡೆದು ತಂಡವನ್ನು ಆರಿಸಿದೆವು: ಹುಟ್ಟು ಹಾಕಲು ಹತ್ತು ಮಂದಿ, ಡ್ರಮ್ಮಿಗೆ ಒಬ್ಬಳು, ಹೆಚ್ಚುವರಿಯಾಗಿ ಒಬ್ಬಳು.

ನೀರಿಲ್ಲದ ಊರಿನಲ್ಲಿ ನೀರಿನ ಆಟವನ್ನು ಅಭ್ಯಾಸಮಾಡಿದ ಪರಿಯನ್ನು ನೆನೆದರೆ ಈಗಲೂ ನಗು ಬರುವುದು. ಆಟದ ಬಯಲಿನಲ್ಲಿ ಐದು ಬೆಂಚುಗಳನ್ನು ಒಂದರ ಹಿಂದೊಂದು ಇಟ್ಟು, ಬೆಂಚಿಗೆ ಇಬ್ಬರಂತೆ ಕೂರಿಸಿ, ಕೈಗೆ ಬಿದಿರಿನ ಗಳುಗಳನ್ನು ಕೊಟ್ಟೆವು. ಬ್ಯಾಂಡಿನ ಡ್ರಮ್ಮು ಬಾರಿಸಿದಂತೆಲ್ಲ ಹತ್ತು ಮಂದಿಯೂ ಧೂಳನ್ನು ಹಿಂದಕ್ಕೆ ತಳ್ಳುವರು. ಎಲ್ಲರಿಗಿಂತ ಎತ್ತರವಾಗಿಯೂ ಬಲವಾಗಿಯೂ ಇದ್ದ ಕ್ರೀಡಾನಾಯಕಿಯನ್ನು ಮೊದಲನೆಯ ಬೆಂಚಿನಲ್ಲಿ ಕೂರಿಸಿದೆವು. ಹೆಚ್ಚುವರಿಯವಳೆಂದರೆ ವಿದ್ಯಾರ್ಥಿನಿಲಯದ ಒಬ್ಬ ಬಡಕಲು ಬಾಲಿಕೆ, ಮಾತು ಕಡಮೆ. ಅವಳ ಊರು ವಾಣಿವಿಲಾಸ ಸಾಗರದ ದಂಡೆಯಲ್ಲಿ. ಟವೆಲ್ಲು, ನೀರಿನ ಬಾಟಲಿಗಳ ಮೇಲ್ವಿಚಾರಣೆಯನ್ನು ನಾವು ಅವಳಿಗೆ ವಹಿಸಿದೆವು. ಅವಳು ಒಪ್ಪಿಕೊಂಡಳು.

ಹೊಸದುರ್ಗ, ಕಡೂರುಗಳನ್ನು ಹಾದು ಚಾರ್ಮಾಡಿ ಘಾಟಿಯನ್ನು ಇಳಿದು ನಮ್ಮ ಬಸ್ಸು ಮಂಗಳೂರನ್ನು ಮುಟ್ಟುವಾಗ ಕತ್ತಲೆಯಾಗಿತ್ತು. ಮರುದಿನ ಬೆಳಿಗ್ಗೆ ನದಿಯನ್ನು ಕಂಡ ಮಕ್ಕಳು ಮೂಕರಾದರು. ಸಮುದ್ರದ ಸಮೀಪದಲ್ಲಿ ಫಲ್ಗುಣಿಯು ನದಿಯೂ ಹೌದು, ಕಡಲೂ ಹೌದು. ಭರತದ ಹೊತ್ತಿಗೆ ಉಪ್ಪುನೀರು ಮೇಲಕ್ಕೆ ಏರುವುದು. ಇಳಿತದ ಹೊತ್ತಿಗೆ ಅದೇ ನೀರು ಕಡಲಿನತ್ತ ಸೆಳೆಯುವುದು. ಆದುದರಿಂದ ಪಂದ್ಯದ ಹೊತ್ತನ್ನು ಗಡಿಯಾರಕ್ಕಿಂತ ಮೊದಲು ನೀರೇ ನಿಶ್ಚಯಿಸುವುದೆಂದು ಅಲ್ಲಿನವರು ಹೇಳಿದರು. ನಮಗೆ ಕೊಟ್ಟ ದೋಣಿಗೆ ಡ್ರ್ಯಾಗನ್ನಿನ ತಲೆಯಿರಲಿಲ್ಲ. ಮೀನುಗಾರರ ಉದ್ದನೆಯ ಮರದ ದೋಣಿ. ದಿಕ್ಕು ಹಿಡಿಯಲು ಮೊಗವೀರ ಮನೆತನದ, ಐವತ್ತು ದಾಟಿದ ತಾಯಿಯೊಬ್ಬರು ಒಪ್ಪಿದ್ದರು. ಅವರು ತಮ್ಮವರೊಡನೆ ತುಳುವಿನಲ್ಲಿಯೂ ನಮ್ಮೊಡನೆ ಕನ್ನಡದಲ್ಲಿಯೂ ಮಾತನಾಡುವರು. ಎಲ್ಲರೂ ಲೈಫ್ ಜಾಕೆಟ್ಟುಗಳನ್ನು ಬಿಗಿದುಕೊಂಡಿರುವರೋ ಇಲ್ಲವೋ ಎಂಬುದನ್ನು ಆ ತಾಯಿ ಒಬ್ಬೊಬ್ಬರ ಪಟ್ಟಿಯನ್ನೂ ಎಳೆದು ನೋಡಿಯೇ ದೋಣಿ ಹತ್ತಿಸಿದರು.

ಎರಡು ದಿನ ಅಭ್ಯಾಸ ನಡೆಯಿತು. ಎರಡನೆಯ ದಿನ ಒಬ್ಬ ಬಾಲಿಕೆಗೆ ತಲೆ ಸುತ್ತಿ ವಾಂತಿಯಾಯಿತು. ಅವಳ ಬದಲಿಗೆ ಹೆಚ್ಚುವರಿಯವಳನ್ನು ಕಡೆಯ ಬೆಂಚಿನಲ್ಲಿ ಕೂರಿಸಿದೆವು.

ಪಂದ್ಯದ ದಿನ ದಡದ ಉದ್ದಕ್ಕೂ ಜನರು ಕಿಕ್ಕಿರಿದಿದ್ದರು. ನಮ್ಮ ಮಕ್ಕಳ ಮುಖಗಳು ಪರೀಕ್ಷೆಯ ದಿನದ ಮುಖಗಳಂತಿದ್ದುವು. ಸುಮಾರು 300 ಮೀಟರು ದೂರ, ನಾಲ್ಕು ದೋಣಿಗಳು. ಸೀಟಿ ಊದಿತು. ಮೊದಲಿನ ಹತ್ತು ಎಳೆತಗಳವರೆಗೆ ನಮ್ಮ ದೋಣಿ ಇತರರ ಸಮಕ್ಕೆ ಇತ್ತೆಂದರೆ ನೀವು ನಂಬಬೇಕು. ಆಮೇಲೆ ಮೊದಲನೆಯ ಬೆಂಚಿನಲ್ಲಿದ್ದ ನಾಯಕಿಯು ಪಕ್ಕದ ದೋಣಿ ಎಲ್ಲಿದೆಯೆಂದು ಕತ್ತು ತಿರುಗಿಸಿದಳು. ಅಷ್ಟೇ ಸಾಕಾಯಿತು. ಮುಂದಿನ ಜೋಡಿಯ ಬೆನ್ನನ್ನು ನೋಡಿ ಹಿಂದಿನವರು ಹುಟ್ಟು ಹಾಕುವುದಷ್ಟೆ; ಒಂದು ಹುಟ್ಟು ತಡವಾದರೆ ಅದರ ಹಿಂದಿನದು ಅದಕ್ಕೆ ತಗಲುವುದು. ಹುಟ್ಟುಗಳು ಒಂದಕ್ಕೊಂದು ಬಡಿದುವು. ಡ್ರಮ್ಮಿನವಳು ಗಾಬರಿಯಿಂದ ಇನ್ನೂ ವೇಗವಾಗಿ ಬಾರಿಸಿದಳು. ದೋಣಿಯು ಅಡ್ಡಲಾಗಿ ತಿರುಗತೊಡಗಿತು. ಮೂರು ದೋಣಿಗಳೂ ಗುರಿ ಮುಟ್ಟಿದ ಮೇಲೆ ನಾವು, ಜನರು ಕನಿಕರದಿಂದ ಚಪ್ಪಾಳೆ ತಟ್ಟುತ್ತಿರುವಾಗ, ಮೆಲ್ಲಗೆ ಹೋಗಿ ಮುಟ್ಟಿದೆವು.

ಸೋತವರಿಗೆ ಮಧ್ಯಾಹ್ನ ಇನ್ನೊಂದು ಸುತ್ತಿತ್ತು. ಮಕ್ಕಳು ತೆಂಗಿನ ಮರಗಳ ನೆರಳಿನಲ್ಲಿ ಅಳುತ್ತ ಕುಳಿತಿದ್ದರು. ದಿಕ್ಕು ಹಿಡಿಯುವ ತಾಯಿ ನಮ್ಮ ಬಳಿಗೆ ಬಂದು, “ಟೀಚರೇ, ಬೇಸರ ಮಾಡಬೇಡಿ ಆಯ್ತಾ. ಇವರಲ್ಲಿ ನೀರಿನ ಗುರ್ತ ಇರುವುದು ಒಬ್ಬಳಿಗೇ. ಹಿಂದೆ ಕೂತಿದ್ದಾಳಲ್ಲ, ಆ ಸಪೂರದ ಹುಡುಗಿ. ಅವಳ ಹುಟ್ಟು ನೀರಿಗೆ ಇಳಿಯುವಾಗ ಸದ್ದೇ ಇಲ್ಲ. ಅವಳನ್ನು ನೀವು ಹಿಂದೆ ಯಾಕೆ ಇಟ್ಟದ್ದು?” ಎಂದರು.

ನಾವು ಅವಳನ್ನು ಕರೆದು ಕೇಳಿದೆವು.

“ನಿನಗೆ ಹುಟ್ಟು ಹಾಕಲು ಬರುವುದೇನು?”

“ಅಪ್ಪಂದು ತೆಪ್ಪ ಐತೆ ಮೇಡಂ. ಬಲೆ ಎಳೆಯೋವಾಗ ನಾನೇ ಹುಟ್ಟಾಕೋದು.”

“ಮತ್ತೆ ತಂಡವನ್ನು ಆರಿಸುವಾಗ ಏಕೆ ಹೇಳಲಿಲ್ಲ?”

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ನೆಲವನ್ನು ನೋಡುತ್ತ, “ಬ್ಯಾಡ ಅಂತ ನೀವೇ ಬರೆದಿದ್ರಲ್ಲ ಮೇಡಂ” ಎಂದಳು.

ಏನು ಬರೆದಿದ್ದೆವೆಂಬುದು ನಮಗೆ ಒಡನೆ ನೆನಪಾಗಲಿಲ್ಲ. ನೆನಪಾದಾಗ ನಿಂತಲ್ಲಿಯೇ ನಾಚಿದೆವು. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಪೂರೈಸಿದ ಮಾರಿಕಣಿವೆಯ ಅಣೆಕಟ್ಟು ನಿಮಗೆಲ್ಲ ತಿಳಿದೇ ಇದೆ. 1933ರಲ್ಲಿ ಕೋಡಿ ಬಿದ್ದ ಆ ಸಾಗರವು ಎಂಬತ್ತೊಂಬತ್ತು ವರ್ಷಗಳ ತರುವಾಯ 2022ರ ಸೆಪ್ಟೆಂಬರಿನಲ್ಲಿ ಮತ್ತೆ 130 ಅಡಿ ತುಂಬಿ ಕೋಡಿ ಹರಿದಾಗ ಜಿಲ್ಲೆಯ ಜನರೆಲ್ಲ ನೋಡಲು ಹೋದರು. ಆಗ ನಾವು ಎಂಟನೆಯ ತರಗತಿಗೆ ಅದನ್ನೇ ಪ್ರಬಂಧದ ವಿಷಯವಾಗಿ ಕೊಟ್ಟಿದ್ದೆವು. ಎಲ್ಲರೂ ಕೋಡಿಯ ಸೊಬಗನ್ನೂ ಮಹಾರಾಣಿ ವಾಣಿವಿಲಾಸರ ಹೆಸರನ್ನೂ ಬರೆದರು. ಈ ಬಾಲಿಕೆ ಮಾತ್ರ ತನ್ನ ತಂದೆಯ ತೆಪ್ಪವನ್ನು ಕುರಿತು ಬರೆದಿದ್ದಳು: ಒಂದೇ ಕಡೆಗೆ ಹುಟ್ಟು ಹಾಕಿದರೆ ತೆಪ್ಪ ಬುಗುರಿಯಂತೆ ಸುತ್ತುವುದು, ನೀರು ಏರಿದಾಗ ಮೀನು ಎತ್ತ ಸರಿಯುವುದು, ಬಲೆಯನ್ನು ಎಲ್ಲಿ ಬಿಡುವುದು ಎಂದು ಎರಡು ಪುಟ. ನಾವು ಅಂಚಿನಲ್ಲಿ ಕೆಂಪು ಶಾಯಿಯಿಂದ, “ಇಂಥ ವಿಷಯ ಬೇಡ. ಉನ್ನತವಾದುದನ್ನು ಆರಿಸಿಕೊಳ್ಳಬೇಕು” ಎಂದು ಬರೆದೆವು, ತರಗತಿಯಲ್ಲಿ ಗಟ್ಟಿಯಾಗಿ ಓದಿಯೂ ಹೇಳಿದೆವು. ಕೆಲವರು ನಕ್ಕರು. ಅಂದಿನಿಂದ ವಿದ್ಯಾರ್ಥಿನಿಲಯದಲ್ಲಿ ಅವಳ ಹತ್ತಿರ ಮೀನಿನ ವಾಸನೆಯೆಂದು ಮೂಗು ಮುಚ್ಚಿಕೊಳ್ಳುವ ತಮಾಷೆ ನಡೆಯುತ್ತಿತ್ತೆಂಬುದು ನಮಗೆ ತಿಳಿದುದು ಫಲ್ಗುಣಿಯ ದಡದಲ್ಲಿ, ಇತರ ಮಕ್ಕಳು ಅಳುತ್ತ ಒಪ್ಪಿಕೊಂಡಾಗ.

ಕ್ರೀಡಾನಾಯಕಿಯ ವಿಷಯವನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ನಾವು ಬಾಯಿ ತೆರೆಯುವ ಮೊದಲೇ ಅವಳು ಎದ್ದು, “ನಾನು ಹಿಂದಕ್ಕೆ ಹೋಗ್ತೀನಿ ಮೇಡಂ, ನಂಗೆ ಆ ಕಡೆ ಈ ಕಡೆ ನೋಡೋ ಅಭ್ಯಾಸ” ಎಂದಳು. ಕಣ್ಣು ಒರಸಿಕೊಳ್ಳುತ್ತಲೇ ಹೋಗಿ ಕಡೆಯ ಬೆಂಚಿನಲ್ಲಿ ಕುಳಿತಳು.

ಮಧ್ಯಾಹ್ನದ ಸುತ್ತಿಗೆ ಆ ಬಡಕಲು ಬಾಲಿಕೆಯೇ ಮೊದಲನೆಯ ಬೆಂಚಿನಲ್ಲಿದ್ದಳು. ದೋಣಿ ಹತ್ತುವ ಮುಂಚೆ ಅವಳು ತನ್ನವರಿಗೆ ಹೇಳಿದ ಮಾತು ಎರಡೇ: ಕಣ್ಣು ದೋಣಿಯೊಳಗೇ ಇರಲಿ, ನೀರನ್ನು ಹೊಡೆಯಬೇಡಿರಿ, ಎಳೆಯಿರಿ. ಡ್ರಮ್ಮಿನವಳಿಗೆ, “ನೀ ನನ್ನ ಕೈ ನೋಡ್ಕಂಡು ಬಾರ್ಸು” ಎಂದಳು. ಸೀಟಿ ಊದಿತು. ಮೊದಲು ನಾಲ್ಕೈದು ಗಿಡ್ಡ ಎಳೆತ, ಆಮೇಲೆ ಉದ್ದದವು. ಹತ್ತು ಹುಟ್ಟುಗಳೂ ಒಟ್ಟಿಗೆ ಇಳಿದು ಒಟ್ಟಿಗೆ ಎದ್ದುವು. ಪಕ್ಕದ ದೋಣಿ ಮುಂದೆ ಹೋಯಿತು. ಯಾರೂ ತಿರುಗಿ ನೋಡಲಿಲ್ಲ. ಎರಡನೆಯದೂ ಹೋಯಿತು, ಆಗಲೂ ನೋಡಲಿಲ್ಲ. ದಡದಲ್ಲಿ ಓಡುತ್ತ ಓಡುತ್ತ ನಾವು, ನಮ್ಮ ವಯಸ್ಸನ್ನೂ ಪದವಿಯನ್ನೂ ಮರೆತು, ಒಂದು ಚಪ್ಪಲಿಯನ್ನು ಕೆಸರಿನಲ್ಲಿ ಕಳೆದುಕೊಂಡೆವು. ನಾಲ್ಕರಲ್ಲಿ ಮೂರನೆಯವರಾಗಿ ನಮ್ಮ ದೋಣಿ ಗುರಿ ಮುಟ್ಟಿತು. ದಿಕ್ಕು ಹಿಡಿದಿದ್ದ ತಾಯಿ ದಡಕ್ಕೆ ಬಂದವರೇ ಆ ಬಾಲಿಕೆಯ ಅಂಗೈಗಳನ್ನು ತಿರುವಿ ನೋಡಿ, “ಇದು ಶಾಲೆಯಲ್ಲಿ ಆದ ಕೈ ಅಲ್ಲ” ಎಂದು ನಕ್ಕರು. ಮೂರನೆಯ ಸ್ಥಾನಕ್ಕೆ ಏನೂ ಇರಲಿಲ್ಲ. ಆದರೆ ಎಳನೀರನ್ನು ಕುಡಿಯುತ್ತಿದ್ದ ಆ ಹನ್ನೆರಡು ಮಂದಿಯನ್ನು ಯಾರಾದರೂ ನೋಡಿದ್ದರೆ ಇವರೇ ಗೆದ್ದವರೆಂದು ಭಾವಿಸುತ್ತಿದ್ದರು.

ಕ್ರಿಸ್‌ಮಸ್ಸಿನ ರಜೆಗೆ ಮಗಳನ್ನು ಕರೆದೊಯ್ಯಲು ಅವಳ ತಂದೆ ಬಂದಾಗ ನಾವು ಎಲ್ಲವನ್ನೂ ತಿಳಿಸಿದೆವು. ನಮ್ಮ ತಪ್ಪನ್ನೂ ತಿಳಿಸಿದೆವು. ಅವರು ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು, “ನಮ್ ತೆಪ್ಪದ್ ಕೆಲ್ಸಾನೂ ನಿಮ್ ಸಾಲೇಗೆ ಬೇಕಾತೇನ್ರಮ್ಮಾ?” ಎಂದರು. ಅದರಲ್ಲಿ ಕೊಂಕು ಇರಲಿಲ್ಲ; ನಿಜವಾದ ಆಶ್ಚರ್ಯವೇ ಇತ್ತು. ಆ ಆಶ್ಚರ್ಯವೇ ನಮ್ಮನ್ನು ಹೆಚ್ಚಾಗಿ ನೋಯಿಸಿತು. ಮಗಳನ್ನು ಶಾಲೆಗೆ ಕಳುಹಿಸುವಾಗ ತನ್ನ ಕಸುಬನ್ನು ಗೇಟಿನ ಹೊರಗೆ ಬಿಟ್ಟು ಬರಬೇಕೆಂದು ಅವರು ತಿಳಿದಿದ್ದರು. ಹಾಗೆ ತಿಳಿಯುವಂತೆ ಮಾಡಿದವರು ನಾವು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿರುವ ನಾವು, ಗೊತ್ತಿಲ್ಲದ್ದನ್ನು ಮಕ್ಕಳಿಗೆ ಕಲಿಸುವುದೇ ನಮ್ಮ ಕೆಲಸವೆಂದು ನಂಬಿದ್ದೆವು. ಅವರಿಗೆ ಆಗಲೇ ಗೊತ್ತಿರುವುದೇನೆಂದು ಕೇಳುವುದು ಅದಕ್ಕಿಂತ ಮೊದಲಿನ ಕೆಲಸವೆಂಬುದನ್ನು ಯಾವ ತರಬೇತಿಯಲ್ಲಿಯೂ ನಾವು ಕಲಿತಿರಲಿಲ್ಲ.

ರಜೆ ಕಳೆದ ಮೇಲೆ ಆ ಹಳೆಯ ಪ್ರಬಂಧದ ಪುಸ್ತಕವನ್ನು ತರಲು ಹೇಳಿದೆವು. ನಮ್ಮ ಕೆಂಪು ಗೆರೆಯನ್ನು ನಮ್ಮ ಕೈಯಿಂದಲೇ ಹೊಡೆದುಹಾಕಬೇಕೆಂಬ ಆಸೆ. “ರದ್ದಿಗೆ ಹೋಯ್ತು ಮೇಡಂ” ಎಂದಳು. ಹೊಡೆದುಹಾಕಲು ಪುಸ್ತಕವೇ ಇಲ್ಲವಾದುದರಿಂದ, ತರಗತಿಯ ಮುಂದೆ ಆಡಿದ ಮಾತನ್ನು ಮೊದಲು ಅದೇ ತರಗತಿಯ ಮುಂದೆಯೂ, ಈಗ ನಿಮ್ಮೆಲ್ಲರ ಮುಂದೆಯೂ ಹಿಂತೆಗೆದುಕೊಳ್ಳುತ್ತೇವೆ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರ ಪುಸ್ತಕದ ಅಂಚಿನಲ್ಲಾದರೂ ನಮ್ಮ ಅಂಥ ಕೆಂಪು ಅಕ್ಷರಗಳಿದ್ದರೆ ನಮಗೆ ಬರೆದು ತಿಳಿಸಬೇಕು. ಆಗ ನೀವು ಬರೆದುದೇನೆಂಬುದನ್ನೂ, ನೆನಪಿದ್ದರೆ, ಇನ್ನೊಮ್ಮೆ ಬರೆದು ಕಳುಹಿಸಬೇಕು. ಈ ಸಲ ನಾವು ಕಡೆಯ ತನಕ ಓದುವೆವು.